ದೊಡ್ಡ ಅಕ್ಷರದ ಫೋನಿನಲ್ಲಿ ರೊಟ್ಟಿ

ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಯಾಕೆಂದರೆ ಬೈಲಹೊಂಗಲದಂಥ ಊರಿನಲ್ಲಿ ಈ ಸಂಗತಿಯನ್ನು ಮುಚ್ಚಿಟ್ಟುಕೊಂಡು ಸಂಸಾರ ಮಾಡಲು ಆಗುವುದಿಲ್ಲ. ದೊಡವಾಡದಿಂದ ಮದುವೆಯಾಗಿ ಬಂದ ಮೊದಲ ವಾರದಲ್ಲೇ ನನ್ನ ಅತ್ತೆ ಹಂಚಿನ ಮೇಲಿದ್ದ ನನ್ನ ರೊಟ್ಟಿಯನ್ನು ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ ನೋಡಿ, "ಇದು ಯಾವ ತಾಲೂಕಿನ ನಕಾಶೆನ ಯವ್ವಾ?" ಎಂದು ಕೇಳಿದ್ದರು. ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಅವರೂ ನಕ್ಕರು. ಅಂದಿನಿಂದ ನಮ್ಮ ಮನೆಯಲ್ಲಿ ರೊಟ್ಟಿ ಅವರದು, ಪಲ್ಯ ನನ್ನದು.

ನನ್ನ ಉದ್ಯೋಗ ವೆಬ್‌ಸೈಟ್ ಮಾಡಿಕೊಡುವುದು. ಪಡಸಾಲೆಯ ಕಿಟಕಿಯ ಹತ್ತಿರ ಒಂದು ಮೇಜು, ಅದರ ಮೇಲೊಂದು ದೊಡ್ಡ ಪರದೆಯ ಕಂಪ್ಯೂಟರ್, ಅದರ ಪಕ್ಕದಲ್ಲಿ ಯಾವಾಗಲೂ ಒಣಗುತ್ತಿರುವ ಶೇಂಗಾ. ಕಿತ್ತೂರಿನ ಒಂದು ಖಾನಾವಳಿ, ಸವದತ್ತಿಯ ಒಂದು ಬೀಜ ಗೊಬ್ಬರದ ಅಂಗಡಿ, ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟುವ ನಮ್ಮೂರಿನದೇ ಒಂದು ವರ್ಕ್‌ಶಾಪು, ಇಂಥವರೇ ನನ್ನ ಗಿರಾಕಿಗಳು. ಈ ಕೆಲಸದ ಕಷ್ಟ ಏನೆಂದು ಯಾರಾದರೂ ಕೇಳಿದರೆ ನಾನು ದರ್ಜಿಯ ಮಾತು ಹೇಳುತ್ತೇನೆ. ಅಂಗಿ ಹೊಲಿಯುವವನಿಗೆ ಗಿರಾಕಿಯ ಎದೆಯ ಅಳತೆಯಾದರೂ ಸಿಗುತ್ತದೆ. ನನಗೆ ಅದೂ ಇಲ್ಲ. ನಾನು ಮಾಡಿದ ಪುಟವನ್ನು ಒಬ್ಬರು ಅಂಗೈಯಷ್ಟು ಫೋನಿನಲ್ಲಿ ನೋಡುತ್ತಾರೆ, ಇನ್ನೊಬ್ಬರು ಅದೇ ಫೋನನ್ನು ಅಡ್ಡ ಹಿಡಿಯುತ್ತಾರೆ, ಮತ್ತೊಬ್ಬರು ಗೋಡೆಯ ಟಿವಿಯಲ್ಲಿ ತೆಗೆದು ಬೀಗರಿಗೆ ತೋರಿಸುತ್ತಾರೆ. ಎಲ್ಲರ ಮೈಗೂ ಒಂದೇ ಅಂಗಿ ಸರಿಯಾಗಿ ಕೂರಬೇಕು.

ಕೂರಿಸುತ್ತಿದ್ದೆ ಕೂಡ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಕಂಪ್ಯೂಟರಿನ ಕಿಟಕಿಯನ್ನು ಮೂಲೆ ಹಿಡಿದು ಎಳೆದು ಸಣ್ಣದು ಮಾಡುವುದು, ದೊಡ್ಡದು ಮಾಡುವುದು, ಮೂರು ಸಾಲಿನಲ್ಲಿದ್ದ ಚಿತ್ರಗಳು ಎರಡಾಗಿ, ಎರಡಿದ್ದದ್ದು ಒಂದಾಗಿ ಶಿಸ್ತಿನಿಂದ ಕೆಳಗಿಳಿಯುವುದನ್ನು ನೋಡುವುದು ನನಗೆ ಇಂದಿಗೂ ಇಷ್ಟ. ಆಮೇಲೆ ನನ್ನ ಫೋನು, ಗಂಡನ ಫೋನು, ಮಗಳ ಟ್ಯಾಬು. ಮೂರರಲ್ಲೂ ಸರಿ ಕಂಡಿತೆಂದರೆ ಕೆಲಸ ಮುಗಿಯಿತು ಎಂದು ಚಹಾ ಇಡುತ್ತಿದ್ದೆ.

ಚಚಡಿಯ ಅಕ್ಕ ನನ್ನ ಬಳಿ ಬಂದದ್ದು ಆ ಜಂಬದ ದಿನಗಳಲ್ಲೇ. ನೆಂಟಸ್ತಿಕೆಯಿಂದ ಅಕ್ಕನಲ್ಲ, ವಯಸ್ಸಿನಿಂದ ಅಕ್ಕ. ಊರಿನ ಹಳೆಯ ವಾಡೆಯ ಹಿಂದಿನ ಓಣಿಯಲ್ಲಿ ಅವರ ಮನೆ. ಓಣಿಯ ಮೂವರು ಹೆಣ್ಣುಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಜೋಳದ ರೊಟ್ಟಿ, ಸಜ್ಜೆ ರೊಟ್ಟಿ ಬಡಿದು, ಖಡಕ್ ಮಾಡಿ, ಸುತ್ತಲಿನ ಊರುಗಳಿಗೆ ಕಳಿಸುತ್ತಿದ್ದರು. ಫೋಟೋ ತೆಗೆಯಲು ನಾನೇ ಚಚಡಿಗೆ ಹೋದೆ. ಅಕ್ಕ ಒಂದು ಕೆಂಪು ಬಟ್ಟೆ ಹಾಸಿ, ಅದರ ಮೇಲೆ ಎಳ್ಳು ಹಚ್ಚಿದ ಒಂದೇ ಒಂದು ಸಜ್ಜೆ ರೊಟ್ಟಿ ಇಟ್ಟರು.

"ತಂಗಿ, ಬ್ಯಾರೆ ಏನರ ಬರಕೋ, ನನಗ ತಿಳ್ಯಾಂಗಿಲ್ಲ," ಎಂದರು. "ರೊಟ್ಟಿ ಮಾತ್ರ ದುಂಡಗ ಕಾಣಬೇಕ ನೋಡು. ಮಂದಿ ಮೊದಲ ನೋಡೂದು ರುಚಿ ಅಲ್ಲ, ದುಂಡ."

ಮನೆಗೆ ಬಂದು ಆ ಫೋಟೋವನ್ನು ಕಂಪ್ಯೂಟರಿನಲ್ಲಿ ಅಳೆದು ನೋಡಿದೆ. ಅಗಲ ಎಷ್ಟಿತ್ತೋ ಎತ್ತರವೂ ಅಷ್ಟೇ ಇತ್ತು. ಕೈಯಿಂದ ಬಡಿದ ರೊಟ್ಟಿ ಅಷ್ಟು ದುಂಡಗೆ ಹೇಗೆ ಬರುತ್ತದೆ ಎಂದು ನಕಾಶೆ ಬಡಿಯುವ ನನಗೆ ಹೊಟ್ಟೆಕಿಚ್ಚೇ ಆಯಿತು. ಪುಟದ ನೆತ್ತಿಯಲ್ಲಿ ಎಡಕ್ಕೆ ಆ ರೊಟ್ಟಿ, ಬಲಕ್ಕೆ ಅಕ್ಕನ ಮಾತು, ಕೆಳಗೆ ಆರ್ಡರ್ ಮಾಡುವ ಗುಂಡಿ. ಎರಡು ಫೋನು, ಟ್ಯಾಬು ಮೂರರಲ್ಲೂ ನೋಡಿ ಚಹಾ ಕುಡಿದೆ.

ಹದಿನೈದು ದಿನಕ್ಕೆ ರಾಮದುರ್ಗದಿಂದ ಆರ್ಡರ್ ಬಂತು. ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಬುತ್ತಿ ಒಯ್ಯಬೇಕಾಗಿದ್ದ ಒಬ್ಬ ತಾಯಿ ಓಣಿಯ ಹುಡುಗನ ಕೈಯಿಂದ ಆರ್ಡರ್ ಹಾಕಿಸಿ ನೂರಾ ಒಂದು ಸಜ್ಜೆ ರೊಟ್ಟಿ ಕೇಳಿದ್ದರು. ನಮ್ಮ ಕಡೆ ಬಸುರಿ ಮಗಳಿಗೆ ತವರಿನಿಂದ ಹೋಗುವ ಬುತ್ತಿಯೆಂದರೆ ಬರೀ ಊಟದ ಗಂಟಲ್ಲ. ಬೀಗರ ಮನೆಯ ಹೆಣ್ಣುಮಕ್ಕಳು ಸುತ್ತ ಕುಳಿತು ಅದನ್ನು ಬಿಚ್ಚುತ್ತಾರೆ. ರೊಟ್ಟಿಯನ್ನು ಒಂದೊಂದಾಗಿ ಎತ್ತಿ ನೋಡುತ್ತಾರೆ, ಅಂಚು ಒಡೆದಿದೆಯೇ, ಎಳ್ಳು ಎಲ್ಲ ಕಡೆ ಕೂತಿದೆಯೇ ಎಂದು. ಅಲ್ಲಿ ಬುತ್ತಿಗೆ ಬಂದ ಮಾತು ತವರಿಗೆ ಬಂದಂತೆ. ಅಕ್ಕನಿಗೆ ಈ ಆರ್ಡರಿನ ಸಂತೋಷಕ್ಕೆ ಇನ್ನೊಂದು ಕಾರಣವಿತ್ತು. ರಾಮದುರ್ಗ ಅವರ ತವರೂರು. "ನಮ್ಮೂರಿಗೆ ನನ್ನ ಕೈ ರೊಟ್ಟಿ ಹೊಂಟೇತಿ ತಂಗಿ," ಎಂದು ಫೋನಿನಲ್ಲೇ ಕುಣಿದರು.

ಮರುದಿನವೇ ಮತ್ತೆ ಫೋನು ಬಂತು. ಈ ಸಲ ದನಿ ಬೇರೆ ಇತ್ತು.

"ನನ್ನ ರೊಟ್ಟಿಗೆ ಏನ ಮಾಡೀಯವ್ವಾ ನೀ? ನೀ ಹಾಕಿದ ಫೋಟೋ ನೋಡಿ ಅವರು ಬ್ಯಾಡ ಅಂದ್ರು. ಸೊಟ್ಟ ರೊಟ್ಟಿ ಬೀಗರ ಮುಂದ ಇಡಾಕ ಆಗಾಂಗಿಲ್ಲ ಅಂದ್ರು. ನನ್ನ ತವರೂರಾಗ ನನ್ನ ಕೈ ಸೊಟ್ಟ ಅಂತ ಸುದ್ದಿ ಆದ್ರ ನಾ ಯಾವ ಮುಖ ತಗೊಂಡ ಆ ಊರ ಅಗಸಿ ಬಾಗಲ ದಾಟಲಿ?"

ಫೋನು ಕಿವಿಯಲ್ಲಿ ಇರುವಾಗಲೇ ನಾನು ಕಂಪ್ಯೂಟರಿನಲ್ಲಿ ಪುಟ ತೆಗೆದೆ. ರೊಟ್ಟಿ ದುಂಡಗಿತ್ತು. ಸಣ್ಣ ಮಾಡಿದೆ, ದುಂಡಗಿತ್ತು. ನನ್ನ ಫೋನಿನಲ್ಲೂ ದುಂಡಗಿತ್ತು. ಅಕ್ಕ ತಮ್ಮ ಮಗಳ ಫೋನಿನಲ್ಲಿ ನೋಡಿದರು, ಅಲ್ಲೂ ದುಂಡಗಿತ್ತು. "ಅಕ್ಕಾರ, ನನ್ನ ಫೋನಿನ್ಯಾಗ ಸರಿ ಐತ್ರಿ," ಎಂದೆ. ನನ್ನ ವೃತ್ತಿಯವರು ದಿನಕ್ಕೆ ಹತ್ತು ಸಲ ಹೇಳುವ ಮಾತು ಅದು, ಕೇಳಿದವರಿಗೆ ಒಂದು ಸಲವೂ ಉಪಯೋಗಕ್ಕೆ ಬಾರದ್ದು. ಅಕ್ಕ ಫೋನ್ ಇಟ್ಟರು.

ಎರಡು ದಿನ ನಾನು ರಾಮದುರ್ಗದ ಆ ತಾಯಿಯನ್ನೇ ಮನಸ್ಸಿನಲ್ಲಿ ಬೈದುಕೊಂಡೆ. ಬೇರೆ ಎಲ್ಲೋ ಕಡಿಮೆಗೆ ಸಿಕ್ಕಿರಬೇಕು, ಬೇಡ ಎನ್ನಲು ನೆಪ ಬೇಕು, ಅಷ್ಟೇ. ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ ಆ ಸಿಟ್ಟನ್ನೆಲ್ಲ ಅತ್ತೆಯ ಮುಂದೆ ಸುರಿದೆ. ಅವರು ರೊಟ್ಟಿ ಮುರಿಯುತ್ತ ಎಲ್ಲ ಕೇಳಿಸಿಕೊಂಡು, ಕೈ ತೊಳೆದು, ತಮ್ಮ ಫೋನನ್ನು ನನ್ನ ಮುಂದೆ ಸರಿಸಿದರು. "ಅದೇನ ರೊಟ್ಟಿ, ಇದರಾಗ ತಗದ ತೋರಸು ನೋಡೂಣು."

ತೆಗೆದು ಕೊಟ್ಟೆ. ಅತ್ತೆ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಇದು ನೀ ಬಡದದ್ದೇನ?"

ಫೋನನ್ನು ಅವರ ಕೈಯಿಂದ ಕಿತ್ತುಕೊಂಡೆ. ಅಕ್ಕನ ಆ ಚಂದದ ರೊಟ್ಟಿ ಬಡಕಲಾಗಿ, ಮೊಟ್ಟೆಯನ್ನು ನೆಟ್ಟಗೆ ನಿಲ್ಲಿಸಿದಂತೆ ಉದ್ದಕ್ಕೆ ನಿಂತಿತ್ತು. ಪಕ್ಕದಲ್ಲಿ ಅಕ್ಕನ ಮಾತು ದಪ್ಪ ದಪ್ಪ ಅಕ್ಷರಗಳಲ್ಲಿ ಪರದೆಯ ಮುಕ್ಕಾಲು ಪಾಲು ನುಂಗಿತ್ತು. ತಿಳಿಯಲು ಅರೆನಿಮಿಷವೂ ಬೇಕಾಗಲಿಲ್ಲ. ಫೋಟೋದ ಎತ್ತರ ಇಷ್ಟೇ ಇರಬೇಕೆಂದು ನಾನು ಕಟ್ಟಿಹಾಕಿದ್ದೆ, ಅಗಲವನ್ನು ಮಾತ್ರ ಜಾಗ ಇದ್ದಷ್ಟು ಎಂದು ಬಿಟ್ಟಿದ್ದೆ. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡವರಿಗೆ ನಮ್ಮ ಕನ್ನಡದ ಉದ್ದುದ್ದ ಶಬ್ದಗಳು ಹಿಗ್ಗಿ ರೊಟ್ಟಿಯನ್ನು ಗೋಡೆಗೆ ಒತ್ತುತ್ತಿದ್ದವು. ಅಗಲ ಕುಗ್ಗುತ್ತಿತ್ತು, ಎತ್ತರ ಹಾಗೇ ಇರುತ್ತಿತ್ತು. ಪರದೆಯ ಎಲ್ಲ ಅಳತೆಗಳನ್ನೂ ಪರೀಕ್ಷಿಸಿದ್ದ ನಾನು ಅಕ್ಷರದ ಅಳತೆಯನ್ನು ಪರೀಕ್ಷಿಸಿರಲೇ ಇಲ್ಲ.

ಕುಬಸದ ಬುತ್ತಿಗೆ ರೊಟ್ಟಿ ಹುಡುಕುವವರು ಯಾರು? ಮಗಳನ್ನು ಕೊಟ್ಟ ತಾಯಂದಿರು, ಅಜ್ಜಿಯರು. ಅಕ್ಷರ ದೊಡ್ಡದು ಮಾಡಿಕೊಂಡವರೂ ಅವರೇ. ಇನ್ನೂ ನಾಚಿಕೆಯ ಸಂಗತಿಯೆಂದರೆ, ಹೋದ ವರ್ಷ ಅತ್ತೆ ಕಣ್ಣಿನ ಪೊರೆ ತೆಗೆಸಿಕೊಂಡು ಬಂದಾಗ ಅವರ ಫೋನಿನ ಅಕ್ಷರಗಳನ್ನು ಎಲ್ಲಕ್ಕಿಂತ ದೊಡ್ಡ ಅಳತೆಗೆ ಏರಿಸಿ ಕೊಟ್ಟವಳು ನಾನೇ. ಗಂಡನ ಫೋನು, ಮಗಳ ಟ್ಯಾಬು ಇಸಿದುಕೊಂಡು ನೋಡುತ್ತಿದ್ದವಳು ಅವರ ಫೋನನ್ನು ಒಂದು ದಿನವೂ ಕೇಳಿರಲಿಲ್ಲ. ಅವರಿಗೆ ಇದೆಲ್ಲ ಏನು ತಿಳಿಯುತ್ತದೆ ಎಂದು ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಗಾದೆ ಇರಬೇಕು. ನನಗೆ ನಿಜವಾಗಿ ಕೆಟ್ಟದೆನಿಸಿತು, ಅತ್ತೆಗೆ ಹಾಗೆಯೇ ಹೇಳಿದೆ. "ಇರಲಿ ಬಿಡು, ಪಲ್ಲೆ ಭಾಳ ಚಲೋ ಮಾಡೀದಿ ಇವತ್ತ," ಎಂದು ಅವರು ಎದ್ದು ಹೋದರು.

ಸರಿಪಡಿಸಲು ಹತ್ತು ನಿಮಿಷ ಸಾಕಾಯಿತು. ಕಟ್ಟಿಹಾಕಿದ್ದ ಎತ್ತರವನ್ನು ಬಿಚ್ಚಿದೆ, ಅಗಲ ಎಷ್ಟೋ ಎತ್ತರವೂ ಅಷ್ಟೇ ಎಂದು ಬರೆದೆ. ಅಕ್ಷರ ದೊಡ್ಡದಾಗಿ ಜಾಗ ಸಾಲದಿದ್ದರೆ ರೊಟ್ಟಿ ಮೇಲೆ, ಮಾತು ಕೆಳಗೆ ಬರುವಂತೆ ಮಾಡಿದೆ. ಆಮೇಲೆ ಅಕ್ಕನಿಗೆ ಫೋನ್ ಮಾಡಿ, ತಪ್ಪು ನನ್ನದು, ಆ ತಾಯಿಯದಲ್ಲ, ನಿಮ್ಮ ಕೈಯದೂ ಅಲ್ಲ ಎಂದೆ. ಬೈಗುಳಕ್ಕೆ ತಯಾರಾಗಿಯೇ ಇದ್ದೆ. ಅಕ್ಕ ಬೈಯಲಿಲ್ಲ.

"ಹಂಗಾರ ನಾಳೆ ರಾಮದುರ್ಗಕ್ಕ ಹೋಗೂಣ ನಡಿ," ಎಂದರು. "ಇಷ್ಟ ಆದಮ್ಯಾಲ ಫೋನಿನ್ಯಾಗ ಹೇಳಿದ್ರ ಮುಗ್ಯಾಂಗಿಲ್ಲ."

ಸವದತ್ತಿಯ ಬಸ್ ನಿಲ್ದಾಣದಲ್ಲಿ ಇಬ್ಬರೂ ಸೇರಿದೆವು. ಕಂಡಕ್ಟರಿಗೆ ಆಧಾರ್ ಕಾರ್ಡ್ ತೋರಿಸಿ ಸೊನ್ನೆ ಟಿಕೆಟ್ ತೆಗೆದುಕೊಂಡು ಕಿಟಕಿಯ ಪಕ್ಕ ಕುಳಿತೆವು. ಅಕ್ಕನ ತೊಡೆಯ ಮೇಲೆ ಬಟ್ಟೆ ಕಟ್ಟಿದ ಬುಟ್ಟಿ, ಅದರಲ್ಲಿ ಹನ್ನೊಂದು ರೊಟ್ಟಿ. ದಾರಿಯುದ್ದಕ್ಕೂ ಪ್ರತಿ ಗುಂಡಿಗೂ ಅಕ್ಕ ಬುಟ್ಟಿಯನ್ನು ಮಗುವಿನಂತೆ ಮೇಲೆತ್ತಿ ಹಿಡಿಯುತ್ತಿದ್ದರು, ನನಗೆ ಒಳಗೊಳಗೇ ಅಳುಕು. ಕುಬಸಕ್ಕೆ ಇನ್ನು ಐದೇ ದಿನ ಉಳಿದಿತ್ತು.

ಆ ತಾಯಿಯ ಮನೆ ಮಗ್ಗದ ಸಪ್ಪಳ ಕೇಳುವ ಓಣಿಯಲ್ಲಿತ್ತು. ಅರವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಬಲಗೈ ಮಣಿಕಟ್ಟಿಗೆ ದವಾಖಾನೆಯವರು ಕೊಟ್ಟ ಪಟ್ಟಿ ಬಿಗಿದಿದ್ದರು. ಎರಡು ತಿಂಗಳಿಂದ ಆ ಕೈ ಮೇಲೇಳುತ್ತಿಲ್ಲವಂತೆ. "ಬರ್ರಿ, ಕುಂಡ್ರರಿ," ಎಂದು ನೀರು ಬೆಲ್ಲ ಕೊಟ್ಟರೇ ಹೊರತು ಮುಖ ಸಡಿಲಿಸಲಿಲ್ಲ. ನಾನು ನಡೆದದ್ದನ್ನು ಹೇಳಿ ಅವರ ಫೋನು ಕೇಳಿದೆ. ಪುಟ ತೆಗೆದರೆ ರೊಟ್ಟಿ ಮತ್ತೆ ಅದೇ ಮೊಟ್ಟೆ!  ಫೋನು ಹಳೆಯ ಪುಟವನ್ನೇ ಹಿಡಿದಿಟ್ಟುಕೊಂಡಿದೆ ಎಂದು ಹೊಳೆದು, ಬೆರಳಿನಿಂದ ಕೆಳಗೆಳೆದು ಹೊಸದಾಗಿ ತೆರೆದೆ. ರೊಟ್ಟಿ ಪರದೆಯ ತುಂಬ ದುಂಡಗೆ ಬಂದು ಕೂತಿತು. ಅಕ್ಕ ಬುಟ್ಟಿ ಬಿಚ್ಚಿ ನಿಜವಾದ ರೊಟ್ಟಿಯನ್ನೂ ಪಕ್ಕದಲ್ಲಿಟ್ಟರು.

ತಾಯಿ ಫೋನನ್ನು ನೋಡಿದರು, ರೊಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು. "ಸೊಟ್ಟ ಇದ್ದದ್ದನ್ನ ನೀ ಬೆರಳಲೆ ಎಳದ ದುಂಡಗ ಮಾಡಿದಿ. ಇನ್ನ ಈ ಫೋನ ನಂಬಬೇಕೋ ಬ್ಯಾಡೋ ನೀನ ಹೇಳು. ಈ ಹನ್ನೊಂದು ಆರಿಸಿ ತಂದಿದ್ದೂ ಇರಬಹುದು." 

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಹಿಟ್ಟ ಎಲ್ಲೈತಿ ಹೇಳ್ರಿ."

ಅಡುಗೆಮನೆಯಲ್ಲಿ ಅಕ್ಕ ಹಿಟ್ಟು ನಾದಿ ಬಡಿಯಲು ಕುಳಿತರು. ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅಂಗೈ ಒಂದೇ ಕಡೆ ಎರಡು ಸಲ ಬೀಳುತ್ತಿರಲಿಲ್ಲ. ಒಂದು ಪೆಟ್ಟು, ಚೂರು ತಿರುಗಿಸುವುದು, ಇನ್ನೊಂದು ಪೆಟ್ಟು. ರೊಟ್ಟಿ ಎಲ್ಲ ಕಡೆಗೂ ಸಮನಾಗಿ ಬೆಳೆಯುತ್ತಿತ್ತು. ನಾನು ಇಷ್ಟು ವರ್ಷ ಒಂದು ಬದಿಯನ್ನು ಚೆನ್ನಾಗಿ ಬಡಿದು ಮುಗಿಸಿ ಆಮೇಲೆ ಇನ್ನೊಂದಕ್ಕೆ ಹೋಗುತ್ತಿದ್ದೆ.

ಮೊದಲ ರೊಟ್ಟಿ ಇಳಿಸಲು ಅಕ್ಕ ಮೂಲೆಯಲ್ಲಿದ್ದ ಆ ಮನೆಯ ಬುಟ್ಟಿಯ ಬಟ್ಟೆ ಸರಿಸಿದರು. ಅದರಲ್ಲಿ ಆಗಲೇ ರೊಟ್ಟಿಗಳಿದ್ದವು, ಮೂವತ್ತೋ ನಲವತ್ತೋ. ಒಂದಕ್ಕೆ ಅಂಚು ಒಡೆದಿತ್ತು, ಇನ್ನೊಂದು ಒಂದೇ ಬದಿಗೆ ದಪ್ಪ, ಒಂದೂ ದುಂಡಗಿರಲಿಲ್ಲ. ಅಕ್ಕ ಬಟ್ಟೆ ಹಿಡಿದುಕೊಂಡೇ ನಿಂತರು. ತಾಯಿ ಬಾಗಿಲಿಗೆ ಒರಗಿದ್ದರು.

"ನಾ ಬಡದವು," ಎಂದರು. "ಫೋನಿನ್ಯಾಗ ಆ ಸೊಟ್ಟ ರೊಟ್ಟಿ ನೋಡಿ, ಇದಕ್ಕಿಂತ ನಂದ ಚಲೋ ಅಂತ ಎರಡ ದಿನ ಈ ಕೈಲೆನ ಬಡದೆ. ಮೊದಲನೇ ಮಗಳ ಬುತ್ತಿಗೆ ಒಂದ ದಿನಕ್ಕ ನೂರಾ ಒಂದು ಬಡದಿದ್ದೆ ನೋಡವ್ವಾ ಇದ ಕೈಲೆ. ಕೊಂಡ ರೊಟ್ಟಿ ಒಯ್ದ್ರ ಮಗಳು ಏನಂದಾಳು? ನಮ್ಮವ್ವಗ ನನಗೊಂದ ರೊಟ್ಟಿ ಬಡ್ಯಾಕ ಆಗಲಿಲ್ಲಾ ಅನ್ನಂಗಿಲ್ಲೇನು?" ಅವರ ಕಣ್ಣು ತುಂಬಿತ್ತು. ಎರಡು ದಿನ ಇದೇ ಹೆಂಗಸನ್ನು ಸುಳ್ಳಿ ಎಂದುಕೊಂಡಿದ್ದ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಅಕ್ಕ ಬಟ್ಟೆಯನ್ನು ಮೊದಲಿನಂತೆ ಮುಚ್ಚಿ ಹಂಚಿನ ಪಕ್ಕ ಒಂದು ಮಣೆ ಎಳೆದರು. "ಬರ್ರಿ ಅವ್ವಾರ, ಇಲ್ಲಿ ಕುಂಡ್ರರಿ. ಬಡ್ಯೂದು ನಾ ಬಡೀತೇನಿ. ಹಂಚಿನ ಮ್ಯಾಲ ಅರಿವೀಲೆ ಒತ್ತೂದು ನೀವ ಒತ್ತರಿ. ಎಡಗೈ ಸಾಕ ಅದಕ್ಕ. ಆಮ್ಯಾಲ ಕೊಂಡ ರೊಟ್ಟಿ ಅಂತ ಯಾರ ಅಂತಾರ ನೋಡೂಣು."

ತಾಯಿ ಕುಳಿತರು. ಎಡಗೈಗೆ ರೂಢಿ ಇಲ್ಲದ್ದರಿಂದ ಬಟ್ಟೆಯ ಉಂಡೆಯನ್ನು ಒಂದೇ ಕಡೆ ಹೆಚ್ಚು ಹೊತ್ತು ಒತ್ತಿದರು, ರೊಟ್ಟಿಯ ಅಂಚಿನಲ್ಲಿ ಹೆಬ್ಬೆರಳಗಲ ಕಪ್ಪು ಕಲೆ ಬಿತ್ತು, ಅಲ್ಲೇ ಅಂಚು ಚೂರು ಒಳಗೆ ಸರಿಯಿತು. "ಕರಕಾತು," ಎಂದು ಗಾಬರಿಯಾದರು. "ಇರಲಿ ಬಿಡ್ರಿ," ಎಂದರು ಅಕ್ಕ. ನಾಲ್ಕನೆಯ ರೊಟ್ಟಿಯ ಹೊತ್ತಿಗೆ ಇಬ್ಬರೂ ರಾಮದುರ್ಗದ ಯಾವ ಓಣಿಯಲ್ಲಿ ಯಾರು ಯಾರಿಗೆ ಬೀಗರು ಎಂಬ ಮಾತಿಗೆ ಇಳಿದಿದ್ದರು. ನನ್ನ ಕೈಯಲ್ಲೂ ಒಂದು ಉಂಡೆ ಹಿಟ್ಟು ಇಟ್ಟರು. ನಾನು ಬಡಿದದ್ದನ್ನು ನೋಡಿ ತಾಯಿ ಮೊದಲ ಸಲ ಬಾಯ್ತುಂಬ ನಕ್ಕರು. "ಫೋನಿನ್ಯಾಗ ಹೆಂಗ ಸೊಟ್ಟ ಆಗಿತ್ತು ಅಂತ ಈಗ ತಿಳೀತು ನೋಡು," ಎಂದರು.

ಆರ್ಡರ್ ಮರಳಿ ಬಂತು, ಒಂದು ಕರಾರಿನ ಮೇಲೆ. ಕುಬಸದ ಎರಡು ದಿನ ಮುಂಚೆ ತಾಯಿ ಚಚಡಿಗೇ ಬಂದು ಇಳಿದರು. ಓಣಿಯ ಹೆಣ್ಣುಮಕ್ಕಳು ಬಡಿದರು, ಅವರು ಹಂಚಿನ ಮುಂದೆ ಕುಳಿತು ತಮ್ಮ ಎಡಗೈಗೆ ಸಾಗಿದಷ್ಟು, ಇಪ್ಪತ್ತೊಂದು ರೊಟ್ಟಿ ಒತ್ತಿದರು. ಉಳಿದವನ್ನು ಮುಗಿಸಿದ್ದು ಅಕ್ಕ. ನೂರಾ ಒಂದನ್ನೂ ಬೆರೆಸಿ, ಯಾವುದು ಯಾರದೆಂದು ಗುರುತು ಸಿಗದಂತೆ ಕಟ್ಟಿಕೊಟ್ಟರು.

ಕುಬಸದ ಮರುದಿನ ಅಕ್ಕನ ಫೋನು ಬಂತು. ಈ ಸಲದ ದನಿ ಕೇಳಿಯೇ ನಾನು ಮೇಜಿನಿಂದ ಎದ್ದು ನಿಂತೆ. ಬೀಗರ ಮನೆಯವರು ಬುತ್ತಿ ಬಿಚ್ಚಿ, ರೊಟ್ಟಿ ಎತ್ತೆತ್ತಿ ನೋಡಿ, ಎಂಥಾ ದುಂಡ ಎಂದರಂತೆ. ಮಗಳು ಮಾತ್ರ ರಾಶಿಯಲ್ಲಿ ಕೈಯಾಡಿಸಿ, ಅಂಚಿನಲ್ಲಿ ಕಪ್ಪು ಕಲೆ ಇದ್ದ ರೊಟ್ಟಿಗಳನ್ನು ಒಂದೊಂದಾಗಿ ಆರಿಸಿ ತನ್ನ ತಾಟಿಗೆ ಹಾಕಿಕೊಂಡಳಂತೆ. ಅದು ಯಾಕೆಂದು ಅವಳ ಅತ್ತೆ ಕೇಳಿದ್ದಕ್ಕೆ, "ಇವು ನಮ್ಮವ್ವ ಒತ್ತಿದ್ವು," ಎಂದಳಂತೆ. ಅವ್ವನ ಬಲಗೈ ಏಳದ್ದು ಅವಳಿಗೆ ಗೊತ್ತಿತ್ತು, ರೊಟ್ಟಿಯ ಸಂಗತಿ ಯಾರೂ ಹೇಳಿರಲಿಲ್ಲ. ಫೋನಿನ ಆ ತುದಿಯಲ್ಲಿ ಅಕ್ಕ ಅಳುತ್ತಿದ್ದರು, ಈ ತುದಿಯಲ್ಲಿ ನಾನೂ.

ಆ ಬಸುರಿ ಮಗಳು ಅಂಥ ಒಂದು ರೊಟ್ಟಿಯ ಫೋಟೋ ತೆಗೆದು ಕಳಿಸಿದ್ದಳು. ಪುಟದ ನೆತ್ತಿಯಲ್ಲಿ ಇನ್ನು ಮೇಲೆ ಅದೇ ಇರಲಿ ಎಂದರು ಅಕ್ಕ. "ಅಕ್ಕಾರ, ಇದು ಚೂರ ಸೊಟ್ಟ ಐತಲ್ರಿ," ಎಂದೆ. "ಇರಲಿ. ಅದರ ಕೆಳಗ ಹಿಂಗ ಬರಿ: ತಾಯಂದಿರು ತಾವೂ ಬಂದು ಕೈ ಹಚ್ಚಬಹುದು."

ಬರೆದು, ಎಲ್ಲಕ್ಕಿಂತ ಮೊದಲು ಅತ್ತೆಯ ಕೈಗೆ ಕೊಟ್ಟೆ. ಈಗ ಯಾವ ಪುಟವಾದರೂ ಅವರ ಫೋನನ್ನು ದಾಟಿಯೇ ಹೊರಗೆ ಹೋಗುವುದು. ಅವರು ದೊಡ್ಡ ಅಕ್ಷರದ ಆ ಸಾಲನ್ನು ಗಟ್ಟಿಯಾಗಿ ಓದಿದರು, ಮೇಲಿನ ರೊಟ್ಟಿಯನ್ನು ನೋಡಿದರು. ಆ ಮಗಳು ಕಳಿಸಿದ ಮೂಲ ಫೋಟೋವನ್ನು ನಾನು ನನ್ನ ಫೋನಿನಲ್ಲಿ ತೆಗೆದು ಪಕ್ಕದಲ್ಲಿ ಹಿಡಿದೆ. ಅಂಚು ಚೂರು ಒಳಗೆ ಸರಿದದ್ದು, ಅಲ್ಲಿಯ ಹೆಬ್ಬೆರಳಗಲದ ಕಪ್ಪು, ಎರಡರಲ್ಲೂ ಒಂದೇ ಇತ್ತು.

"ಎಷ್ಟ ಸೊಟ್ಟ ಇತ್ತೋ ಅಷ್ಟ ಸೊಟ್ಟ ಐತಿ," ಎಂದರು ಅತ್ತೆ. "ಸರಿ ಆಗೇತಿ, ಕಳಸು."